ಸಾವಿಗೆ ಎಷ್ಟು ಪ್ರತಿ ಬೇಕು?

ಅಪ್ಪನ ವೈಕುಂಠ ಸಮಾರಾಧನೆ ಮುಗಿದ ಮರುದಿನ ನಾನು ಮಾಡಿದ ಮೊದಲ ಕೆಲಸವೆಂದರೆ ನಗರಪಾಲಿಕೆಯ ಆರೋಗ್ಯ ವಿಭಾಗದ ಕಚೇರಿಗೆ ಹೋದದ್ದು. ಅದು 2018ರ ಮಳೆಗಾಲ. ಜನನ ಪ್ರಮಾಣಪತ್ರಕ್ಕೂ ಮರಣ ಪ್ರಮಾಣಪತ್ರಕ್ಕೂ ಒಂದೇ ಕಿಟಕಿ, ಒಂದೇ ಸಾಲು. ನನ್ನ ಮುಂದೆ ಹಸುಗೂಸನ್ನು ಎತ್ತಿಕೊಂಡ ದಂಪತಿ, ಹಿಂದೆ ಪ್ಲಾಸ್ಟಿಕ್ ಚೀಲ ಹಿಡಿದ ವೃದ್ಧರೊಬ್ಬರು. ಗುಮಾಸ್ತರು ಆಸ್ಪತ್ರೆಯ ಚೀಟಿಯನ್ನು ನೋಡಿ, ತಲೆಯೆತ್ತದೆಯೇ ಕೇಳಿದರು: ‘ಎಷ್ಟು ಕಾಪಿ ಬೇಕು?’

ನನಗೆ ಉತ್ತರ ಹೊಳೆಯಲಿಲ್ಲ. ಒಬ್ಬ ಮನುಷ್ಯ ಸತ್ತನೆಂದು ಹೇಳಲು ಎಷ್ಟು ಕಾಗದಗಳು ಬೇಕಾಗುತ್ತವೆ ಎಂಬುದನ್ನು ಅಲ್ಲಿಯವರೆಗೆ ಯೋಚಿಸುವ ಸಂದರ್ಭವೇ ಬಂದಿರಲಿಲ್ಲ. ‘ಎರಡು’ ಎಂದೆ. ಹಿಂದಿದ್ದ ವೃದ್ಧರು ಮೆಲ್ಲನೆ ಭುಜ ಮುಟ್ಟಿದರು. ‘ಹತ್ತು ತಗೊಳ್ಳಿ ಸ್ವಾಮಿ. ನಾನು ಮೂರು ತಗೊಂಡು ಹೋಗಿ, ಈಗ ನಾಲ್ಕನೇ ಸಲ ಬರ್ತಾ ಇದೀನಿ’ ಎಂದರು. ಅವರು ಬಂದಿದ್ದುದು ಹೆಂಡತಿಯ ಮರಣ ಪತ್ರಕ್ಕಾಗಿ.

ಹತ್ತು ಪ್ರತಿ ಪಡೆದೆ. ಅವರ ಮಾತು ಎಷ್ಟು ನಿಜವೆಂಬುದು ಮುಂದಿನ ವಾರಗಳಲ್ಲಿ ಅರ್ಥವಾಯಿತು. ಬ್ಯಾಂಕಿಗೆ ಒಂದು, ಪಿಂಚಣಿ ನೀಡುತ್ತಿದ್ದ ಖಜಾನೆಗೆ ಒಂದು, ಜೀವವಿಮೆಗೆ ಒಂದು, ಅಂಚೆ ಕಚೇರಿಯ ಠೇವಣಿಗೆ ಒಂದು, ಮನೆಯ ಖಾತೆ ವರ್ಗಾವಣೆಗೆ ಒಂದು. ವಿದ್ಯುತ್ ಮೀಟರು, ಅಡುಗೆ ಅನಿಲದ ಸಂಪರ್ಕ, ಪಡಿತರ ಚೀಟಿ, ಅಪ್ಪ ಹತ್ತು ವರ್ಷಗಳಿಂದ ಮುಟ್ಟದಿದ್ದ ಸ್ಕೂಟರಿನ ನೋಂದಣಿ ಪುಸ್ತಕ ಎಲ್ಲಕ್ಕೂ ಒಂದೊಂದು. ಕೆಲವರು ಮೂಲ ಪ್ರತಿಯನ್ನು ನೋಡಿ ಜೆರಾಕ್ಸ್ ಇಟ್ಟುಕೊಂಡರು. ಕೆಲವರು ಮೂಲವೇ ಬೇಕೆಂದು ಕಡತಕ್ಕೆ ಸೇರಿಸಿದರು. ಪ್ರತಿ ನವೆಂಬರಿನಲ್ಲಿ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬ್ಯಾಂಕಿಗೆ ಹೋಗಿ ‘ನಾನು ಬದುಕಿದ್ದೇನೆ’ ಎಂದು ಸಹಿ ಮಾಡಿ ಬರುತ್ತಿದ್ದವರು ಅಪ್ಪ. ಈಗ ಅದೇ ಮೇಜಿನ ಮುಂದೆ, ಅವರು ಬದುಕಿಲ್ಲವೆಂದು ಸಾಬೀತುಪಡಿಸುವ ಸರದಿ ನಮ್ಮದಾಗಿತ್ತು.

ಆ ಮೇಜಿನಲ್ಲೇ ಮೊದಲ ತೊಡಕು ಎದುರಾಯಿತು. ‘ಇದರಲ್ಲಿರೋ ಹೆಸರೂ ನಮ್ಮ ಪುಸ್ತಕದಲ್ಲಿರೋ ಹೆಸರೂ ಒಂದೇ ಅಲ್ವಲ್ಲ ಸಾರ್’ ಎಂದರು ಬ್ಯಾಂಕಿನವರು. ನಮ್ಮ ಕಡೆಯ ಹೆಸರುಗಳ ಪಾಡು ಓದುಗರಿಗೆ ಗೊತ್ತಿರುವುದೇ. ಊರಿನದೊಂದು, ತಂದೆಯದೊಂದು ಎಂದು ಎರಡು ಇನಿಷಿಯಲ್‌ಗಳು, ಆಮೇಲೆ ಹೆಸರು, ಆಮೇಲೆ ಒಮ್ಮೆ ಅಂಟಿಕೊಂಡು, ಒಮ್ಮೆ ಬಿಟ್ಟು ನಿಲ್ಲುವ ‘ರಾವ್’. ಬ್ಯಾಂಕಿನಲ್ಲಿ ಇನಿಷಿಯಲ್‌ಗಳು ಹೆಸರಿನ ಮುಂದೆ, ಆಧಾರ್ ಚೀಟಿಯಲ್ಲಿ ಹಿಂದೆ, ಪಿಂಚಣಿ ಪುಸ್ತಕದಲ್ಲಿ ಒಂದೇ ಒಂದು. ಮರಣ ಪತ್ರದಲ್ಲಿ ಇನಿಷಿಯಲ್ಲೂ ಇರಲಿಲ್ಲ, ರಾವೂ ಇರಲಿಲ್ಲ. ರಾತ್ರಿ ಎರಡು ಗಂಟೆಗೆ ಆಸ್ಪತ್ರೆಗೆ ಸೇರಿಸುವಾಗ ನನ್ನ ತಮ್ಮ ಗಾಬರಿಯಲ್ಲಿ ತುಂಬಿದ ಚೀಟಿಯಲ್ಲಿ, ಮನೆಯಲ್ಲಿ ಕರೆಯುತ್ತಿದ್ದ ಹೆಸರನ್ನಷ್ಟೇ ಬರೆದಿದ್ದ. ಆಸ್ಪತ್ರೆಯವರು ಅದನ್ನೇ ಪಾಲಿಕೆಗೆ ಕಳುಹಿಸಿದ್ದರು, ಪಾಲಿಕೆ ಅದನ್ನೇ ನೋಂದಾಯಿಸಿತ್ತು. ಹತ್ತು ಪ್ರತಿಗಳಲ್ಲೂ ಒಂದೇ ತಪ್ಪು. ವೃದ್ಧರು ಹೇಳಿದ ಬುದ್ಧಿಮಾತಿಗೆ ನಾನು ಸೇರಿಸಬಹುದಾದದ್ದು ಇಷ್ಟೇ: ಹತ್ತು ಪಡೆಯುವ ಮೊದಲು ಒಂದನ್ನು ಓದಿ ನೋಡಿ.

ತಿದ್ದುಪಡಿಗೆ ಕಾನೂನಿನಲ್ಲಿ ದಾರಿಯಿದೆ. ಜನನ ಮತ್ತು ಮರಣಗಳ ನೋಂದಣಿ ಅಧಿನಿಯಮ, 1969ರ 15ನೇ ಪ್ರಕರಣದಂತೆ ನಮೂದು ತಪ್ಪೆಂದು ಮನವರಿಕೆಯಾದರೆ ನೋಂದಣಾಧಿಕಾರಿ ಅದನ್ನು ಸರಿಪಡಿಸಬಹುದು. ಆದರೆ ಮೂಲ ಬರಹವನ್ನು ಅಳಿಸುವಂತಿಲ್ಲ, ಹೊಡೆದುಹಾಕುವಂತಿಲ್ಲ. ಪುಟದ ಅಂಚಿನಲ್ಲಿ ಸರಿಯಾದದ್ದನ್ನು ಬರೆದು ಸಹಿ ಮಾಡಬೇಕು. ದಾಖಲೆಯ ಪಾವಿತ್ರ್ಯದ ದೃಷ್ಟಿಯಿಂದ ಇದು ಸರಿಯಾದ ನಿಯಮವೇ. ಆದರೆ ಆ ಅಂಚಿನ ಒಂದು ಸಾಲಿಗಾಗಿ ನಾವು ಆಸ್ಪತ್ರೆಯಿಂದ ಪತ್ರ ತಂದೆವು, ಛಾಪಾ ಕಾಗದದ ಮೇಲೆ ‘ಈ ಎರಡೂ ಹೆಸರು ಒಬ್ಬರದೇ’ ಎಂದು ನೋಟರಿಯವರ ಮುಂದೆ ಅಫಿಡವಿಟ್ ಮಾಡಿಸಿದೆವು, ಶಾಲಾ ದಾಖಲೆಯಿಂದ ಹಿಡಿದು ಪಿಂಚಣಿ ಆದೇಶದವರೆಗೆ ಎಲ್ಲವನ್ನೂ ಲಗತ್ತಿಸಿದೆವು, ಐದು ಬಾರಿ ಆ ಕಚೇರಿಯ ಮೆಟ್ಟಿಲು ಹತ್ತಿದೆವು. ಯಾರೂ ನಮ್ಮನ್ನು ಗದರಿಸಲಿಲ್ಲ, ಯಾರೂ ಲಂಚ ಕೇಳಲಿಲ್ಲ. ‘ನಾಳೆ ಬನ್ನಿ’ ಎಂದರು, ಅಷ್ಟೇ. ದುಃಖದಲ್ಲಿರುವವರಿಗೆ ನಾಳೆ ಬನ್ನಿ ಎನ್ನುವುದು ಒಂದು ಬಗೆಯ ಗದರಿಕೆಯೇ ಎಂಬುದು ಕಿಟಕಿಯ ಆಚೆ ಕುಳಿತವರಿಗೆ ಹೊಳೆಯುವುದಿಲ್ಲ.

ಈ ಕಾನೂನಿನ ಮುಖ್ಯಾಂಶಗಳನ್ನು ತಿಳಿದಿದ್ದರೆ ಅರ್ಧ ಅಲೆದಾಟ ತಪ್ಪುತ್ತದೆ. ವಿದ್ಯಾವಂತರೆನಿಸಿಕೊಂಡ ನಮ್ಮಲ್ಲೂ ಅದು ಹಲವರಿಗೆ ಗೊತ್ತಿರುವುದಿಲ್ಲ. ಬ್ರಿಟಿಷರ ಕಾಲದಲ್ಲಿ, 1886ರಲ್ಲಿ, ಇಂಥದೊಂದು ಕಾಯ್ದೆ ಬಂದಿತ್ತಾದರೂ ಅದು ಇಷ್ಟವಿದ್ದವರಿಗೆ ಮಾತ್ರ. ಪ್ರತಿಯೊಂದು ಜನನವೂ ಮರಣವೂ ನೋಂದಣಿಯಾಗಲೇಬೇಕೆಂದು ದೇಶಕ್ಕೆಲ್ಲ ಅನ್ವಯವಾಗುವಂತೆ ವಿಧಿಸಿದ್ದು 1969ರ ಅಧಿನಿಯಮ. ಮರಣವನ್ನು 21 ದಿನಗಳೊಳಗೆ ತಿಳಿಸಬೇಕು. ಆಸ್ಪತ್ರೆಯಲ್ಲಿ ಸಂಭವಿಸಿದರೆ ತಿಳಿಸುವ ಹೊಣೆ ಆಸ್ಪತ್ರೆಯದು. ಮನೆಯಲ್ಲಿ ಸಂಭವಿಸಿದರೆ ಮನೆಯ ಯಜಮಾನರದು ಅಥವಾ ಹತ್ತಿರದ ಬಂಧುಗಳದು. ಮನೆಯಲ್ಲಿ ತೀರಿಕೊಂಡವರ ಸಂಬಂಧಿಕರು, ನೋಡಿಕೊಳ್ಳುತ್ತಿದ್ದ ವೈದ್ಯರಿಂದ ಸಾವಿನ ಕಾರಣದ ಪತ್ರವನ್ನು ಅಂದೇ ಪಡೆದಿಟ್ಟುಕೊಳ್ಳುವುದು ಒಳ್ಳೆಯದು. ತಿಂಗಳು ಕಳೆದ ಮೇಲೆ ಅದು ಸುಲಭವಲ್ಲ.

ಇನ್ನೊಂದು ಅಂಶ ಅನೇಕರನ್ನು ದಾರಿತಪ್ಪಿಸುತ್ತದೆ. ಸಾವು ನೋಂದಣಿಯಾಗುವುದು ಸತ್ತವರು ವಾಸವಿದ್ದ ಊರಿನಲ್ಲಲ್ಲ, ಸಾವು ಸಂಭವಿಸಿದ ಊರಿನಲ್ಲಿ. ಕೊನೆಗಾಲದಲ್ಲಿ ಚಿಕಿತ್ಸೆಗೆಂದು ಬೆಂಗಳೂರಿಗೆ ಬಂದು ಇಲ್ಲಿಯೇ ಕಣ್ಣುಮುಚ್ಚಿದ ರೈತನ ದಾಖಲೆ ಬೆಂಗಳೂರಿನಲ್ಲಿರುತ್ತದೆ; ಅವನ ಮಕ್ಕಳು ಅದನ್ನು ತಮ್ಮ ಹಳ್ಳಿಯ ಗ್ರಾಮ ಲೆಕ್ಕಿಗರ ಬಳಿ ಹುಡುಕುತ್ತಿರುತ್ತಾರೆ.

ಇಪ್ಪತ್ತೊಂದು ದಿನ ಮೀರಿ ಮೂವತ್ತು ದಿನಗಳೊಳಗಾದರೆ ತಡ ಶುಲ್ಕ ಕಟ್ಟಿ ನೋಂದಾಯಿಸಬಹುದು. ಮೂವತ್ತು ದಿನ ಮೀರಿ ಒಂದು ವರ್ಷದೊಳಗಾದರೆ ಮೇಲಿನ ಅಧಿಕಾರಿಯ ಲಿಖಿತ ಅನುಮತಿ ಬೇಕು. ವರ್ಷ ದಾಟಿದರೆ ಮ್ಯಾಜಿಸ್ಟ್ರೇಟರ ಆದೇಶವೇ ಆಗಬೇಕು. ಮೊದಲು ಇದು ಪ್ರಥಮ ದರ್ಜೆ ನ್ಯಾಯಾಂಗ ಮ್ಯಾಜಿಸ್ಟ್ರೇಟರ ಕೆಲಸವಾಗಿತ್ತು; 2023ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ತಿದ್ದುಪಡಿಯ ಪ್ರಕಾರ ಜಿಲ್ಲಾ ಮ್ಯಾಜಿಸ್ಟ್ರೇಟ್, ಉಪವಿಭಾಗ ಮ್ಯಾಜಿಸ್ಟ್ರೇಟ್ ಅಥವಾ ಅಧಿಕಾರ ಪಡೆದ ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟರಿಗೆ ವಹಿಸಲಾಗಿದೆ. ಮಾಹಿತಿ ನೀಡಿದವರಿಗೆ ಮೊದಲ ಪ್ರಮಾಣಪತ್ರವನ್ನು ಉಚಿತವಾಗಿ ಕೊಡಬೇಕೆಂಬುದು ಮೊದಲಿನಿಂದ ಇದ್ದ ನಿಯಮ. ನೋಂದಣಿಯಾದ ಏಳು ದಿನಗಳೊಳಗೆ ಕೊಡಬೇಕೆಂಬುದು ಹೊಸ ತಿದ್ದುಪಡಿಯ ಸೇರ್ಪಡೆ. ಹೆಚ್ಚಿನ ಪ್ರತಿಗಳಿಗೆ ಅಲ್ಪ ಶುಲ್ಕವಿದೆ. ನೋಂದಣಾಧಿಕಾರಿಯ ಕ್ರಮ ಸರಿಯಿಲ್ಲವೆನಿಸಿದರೆ ಮೂವತ್ತು ದಿನಗಳೊಳಗೆ ಜಿಲ್ಲಾ ನೋಂದಣಾಧಿಕಾರಿಗೆ ಮೇಲ್ಮನವಿ ಸಲ್ಲಿಸುವ ಹಕ್ಕನ್ನೂ ಈ ತಿದ್ದುಪಡಿ ಕೊಟ್ಟಿದೆ. ಕರ್ನಾಟಕದಲ್ಲಿ 2011ರ ಸಕಾಲ ಅಧಿನಿಯಮದ ವ್ಯಾಪ್ತಿಗೂ ಈ ಪ್ರಮಾಣಪತ್ರಗಳು ಬರುತ್ತವೆ. ಅರ್ಜಿಗೆ ಸಕಾಲ ಸಂಖ್ಯೆ ಕೇಳಿ ಪಡೆಯುವುದು ನಮ್ಮ ಹಕ್ಕು. ವಿಳಂಬವಾದರೆ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿ ಪರಿಹಾರವೂ ಉಂಟು.

ಈ ಕಾನೂನಿನಲ್ಲಿ ನನ್ನ ಗೌರವಕ್ಕೆ ಪಾತ್ರವಾದ ಒಂದು ಮಾತಿದೆ. ಯಾರು ಬೇಕಾದರೂ ಮರಣದ ನಮೂದನ್ನು ಹುಡುಕಿಸಿ ಅದರ ದೃಢೀಕೃತ ಪ್ರತಿಯನ್ನು ಪಡೆಯಬಹುದು ಎನ್ನುವ 17ನೇ ಪ್ರಕರಣವೇ, ಆ ಪ್ರತಿಯಲ್ಲಿ ಸಾವಿನ ಕಾರಣವನ್ನು ಬಹಿರಂಗಪಡಿಸಕೂಡದು ಎಂದೂ ಹೇಳುತ್ತದೆ. ನೀವು ಮರಣ ಪತ್ರವನ್ನು ಎಷ್ಟು ತಿರುವಿ ನೋಡಿದರೂ ಅದರಲ್ಲಿ ಹೆಸರು, ಲಿಂಗ, ದಿನಾಂಕ, ಸ್ಥಳ, ತಂದೆ-ತಾಯಿಯರ ಹೆಸರು, ವಿಳಾಸ, ನೋಂದಣಿ ಸಂಖ್ಯೆ ಸಿಗುತ್ತವೆಯೇ ಹೊರತು ಹೇಗೆ ಸತ್ತರೆಂಬುದು ಸಿಗುವುದಿಲ್ಲ. ಕಾರಣ ದಾಖಲೆಯಲ್ಲಿರುತ್ತದೆ, ಅಂಕಿ-ಅಂಶಕ್ಕೆ ಒದಗುತ್ತದೆ. ಆದರೆ ನೆರೆಯವರ ಕುತೂಹಲಕ್ಕೆ ಒದಗುವುದಿಲ್ಲ. ಸತ್ತವರಿಗೂ ಒಂದು ಮಾನವಿದೆ ಎಂದು ಒಪ್ಪಿಕೊಂಡ ಕಾನೂನು ಇದು.

ಕೋವಿಡ್ ಕಾಲದಲ್ಲಿ ಈ ಮೌನವೇ ತೊಡಕಾಯಿತು. ಪರಿಹಾರ ಪಡೆಯಬೇಕಾದರೆ ಸಾವಿನ ಕಾರಣವನ್ನು ತೋರಿಸಬೇಕು. ಮರಣ ಪತ್ರ ಅದನ್ನು ಹೇಳುವುದಿಲ್ಲ. ಅನೇಕ ಆಸ್ಪತ್ರೆಗಳ ಕಾಗದಗಳಲ್ಲಿ ಹೃದಯಾಘಾತವೆಂದೋ ಶ್ವಾಸಕೋಶದ ವೈಫಲ್ಯವೆಂದೋ ಇತ್ತು. ಸುಪ್ರೀಂ ಕೋರ್ಟ್ 2021ರ ಜೂನ್ 30ರ ತೀರ್ಪಿನಲ್ಲಿ ಸರಳ ಮಾರ್ಗಸೂಚಿ ರೂಪಿಸುವಂತೆ ಸೂಚಿಸಿದ ಮೇಲೆ, ಆ ವರ್ಷದ ಸೆಪ್ಟೆಂಬರಿನಲ್ಲಿ ಕೋವಿಡ್ ಸಾವಿಗೇ ಪ್ರತ್ಯೇಕ ಅಧಿಕೃತ ದಾಖಲೆ ನೀಡುವ ವ್ಯವಸ್ಥೆ ಬಂದಿತು. 50,000 ರೂಪಾಯಿಗಳ ಪರಿಹಾರವೂ ನಿಗದಿಯಾಯಿತು. ದೇಶದಲ್ಲಿ 2019ರಲ್ಲಿ ಸುಮಾರು 76 ಲಕ್ಷ ಮರಣಗಳು ನೋಂದಣಿಯಾಗಿದ್ದವು; 2020ರಲ್ಲಿ 81 ಲಕ್ಷ; 2021ರಲ್ಲಿ ಒಂದು ಕೋಟಿ ಎರಡು ಲಕ್ಷ. ನಡೆದದ್ದೇನೆಂದು ನಾಡು ತಿಳಿದುಕೊಳ್ಳುವುದು ಕೊನೆಗೂ ಈ ಕಿಟಕಿಗಳ ಆಚೆಗಿನ ಪುಸ್ತಕಗಳಿಂದಲೇ. ಅಲ್ಲಿ ನಮೂದಾಗದ ಸಾವು ಲೆಕ್ಕಕ್ಕೂ ಬರುವುದಿಲ್ಲ, ಚರಿತ್ರೆಗೂ ಬರುವುದಿಲ್ಲ.

ಲೆಕ್ಕಕ್ಕೆ ಬಾರದ ಅಂಥ ಒಂದು ಸಾವು ನಮ್ಮ ಮನೆಯಲ್ಲೇ ಇತ್ತು. ಅಪ್ಪನ ಕಾಗದಪತ್ರಗಳನ್ನು ವಿಂಗಡಿಸುವಾಗ ಊರಿನ ಇಪ್ಪತ್ತು ಗುಂಟೆ ಗದ್ದೆಯ ಪಹಣಿ ಕೈಗೆ ಸಿಕ್ಕಿತು. ಅದು ಅಪ್ಪನ ಹೆಸರಿನಲ್ಲಿರಲಿಲ್ಲ. ಅಪ್ಪನ ತಾಯಿಯ ಹೆಸರಿನಲ್ಲಿತ್ತು. ತವರಿನವರು ಅರಿಶಿನ-ಕುಂಕುಮಕ್ಕೆಂದು ಕೊಟ್ಟ ನೆಲವಂತೆ. ಅಜ್ಜಿ ತೀರಿಕೊಂಡು ನಲವತ್ತಮೂರು ವರ್ಷಗಳಾಗಿದ್ದವು. ಸರ್ಕಾರದ ದೃಷ್ಟಿಯಲ್ಲಿ ಅವರು ಇನ್ನೂ ಆ ಗದ್ದೆಯ ಒಡತಿಯಾಗಿ ಬದುಕಿಯೇ ಇದ್ದರು. ಸತ್ತವರ ಹೆಸರಿನಿಂದ ವಾರಸುದಾರರ ಹೆಸರಿಗೆ ಜಮೀನು ಬದಲಾಯಿಸುವುದನ್ನು ನಮ್ಮ ಕಡೆ ಪೌತಿ ಖಾತೆ ಎನ್ನುತ್ತಾರೆ. ಅದಕ್ಕೆ ವಂಶವೃಕ್ಷ ಬೇಕು, ಮರಣ ಪ್ರಮಾಣಪತ್ರ ಬೇಕು. ಅಜ್ಜಿಯ ಮರಣ ಪ್ರಮಾಣಪತ್ರ ಇರಲಿಲ್ಲ. ಅಪ್ಪ ತಮ್ಮ ಜೀವಮಾನದಲ್ಲಿ ಅದರ ಗೊಡವೆಗೇ ಹೋಗಿರಲಿಲ್ಲ.

ತಾಲ್ಲೂಕು ಕಚೇರಿಗೆ ಹೋದೆ. ಅರ್ಜಿಯಲ್ಲಿ ಮೊದಲು ಕೇಳುವುದು ಹೆಸರು. ನಮಗೆಲ್ಲ ಗೊತ್ತಿದ್ದ ಅಜ್ಜಿಯ ಹೆಸರು ಒಂದು. ಪಹಣಿಯಲ್ಲಿ ‘ಕೋಂ’ ಎಂಬ ಅಕ್ಷರದ ಹಿಂದೆ ಇದ್ದ ಹೆಸರು ಬೇರೊಂದು. ಗಂಡನ ಹೆಸರು ಮಾತ್ರ ತಾತನದೇ. ನಮ್ಮ ಗದ್ದೆಯಲ್ಲಿ ಈ ಅಪರಿಚಿತೆ ಯಾರೆಂದು ನಾವು ಅಣ್ಣತಮ್ಮಂದಿರು ಮುಖಮುಖ ನೋಡಿಕೊಂಡೆವು. ಸೋದರತ್ತೆ ಹೇಳಿದರು: ‘ಮದುವೇಲಿ ಹೆಸರು ಬದಲಾಯಿಸ್ತಿದ್ರಪ್ಪ ಆಗೆಲ್ಲ. ಅಮ್ಮನ ತವರಿನ ಹೆಸರೇ ಅದು. ಅಟ್ಟದ ಮೇಲಿರೋ ಹಿತ್ತಾಳೆ ಕೊಳದಪ್ಪಲೆ ಇಳಿಸಿ ನೋಡು.’ ಇಳಿಸಿ ನೋಡಿದೆ. ಹುಣಸೆಹಣ್ಣು ಹಾಕಿ ತಿಕ್ಕಿದ ಮೇಲೆ ಕಂಠದ ಬಳಿ ಚುಕ್ಕಿಚುಕ್ಕಿಯಾಗಿ ಕೊರೆದ ಅಕ್ಷರಗಳು ಎದ್ದವು. ಪಹಣಿಯಲ್ಲಿದ್ದ ಹೆಸರೇ. ಹದಿಮೂರೋ ಹದಿನಾಲ್ಕೋ ವರ್ಷಕ್ಕೆ ಬಿಟ್ಟುಬಂದ ಹೆಸರು ಅವರಿಗೆ ಉಳಿದದ್ದು ಒಂದು ಪಾತ್ರೆಯ ಮೇಲೆ ಮತ್ತು ಒಂದು ಗದ್ದೆಯ ಮೇಲೆ.

ಅರ್ಜಿಯ ಮುಂದಿನ ಪ್ರಶ್ನೆ ಮರಣದ ದಿನಾಂಕ. ನಮ್ಮ ಮನೆಯಲ್ಲಿ ಅಜ್ಜಿಯ ಶ್ರಾದ್ಧ ಒಂದು ವರ್ಷವೂ ತಪ್ಪಿದ್ದಿಲ್ಲ. ಆನಂದ ಸಂವತ್ಸರದ ಪುಷ್ಯ ಬಹುಳ ಪಂಚಮಿ. ತಿಥಿ ಮನೆಮಂದಿಗೆಲ್ಲ ಬಾಯಿಪಾಠ. ತಾರೀಖು ಯಾರಿಗೂ ಗೊತ್ತಿಲ್ಲ. ಪುರೋಹಿತರ ಹಳೆಯ ಪಂಚಾಂಗದ ಕಟ್ಟಿನಿಂದ ಹುಡುಕಿಸಿದಾಗ ಅದು 1975ರ ಜನವರಿಯ ಕೊನೆಗೆ ಬಂದಿತು. ನಲವತ್ತಮೂರು ವರ್ಷ ನಾವು ಪಿಂಡವಿಟ್ಟದ್ದು, ಕಾಗೆಯನ್ನು ಕರೆದದ್ದು ಎಲ್ಲವೂ ಅಜ್ಜಿ ಸತ್ತರೆಂಬುದಕ್ಕೆ ನಮಗೆ ಸಾಕ್ಷಿಯಾಗಿತ್ತು. ಸರ್ಕಾರಕ್ಕೆ ಅದು ಸಾಕ್ಷಿಯಾಗಿರಲಿಲ್ಲ. ಸರ್ಕಾರದ್ದೂ ತಪ್ಪಲ್ಲ, ನಾವು ಪಿತೃಗಳಿಗೆ ತಿಳಿಸಿದ್ದೆವು, ಗ್ರಾಮ ಲೆಕ್ಕಿಗರಿಗೆ ತಿಳಿಸಿರಲಿಲ್ಲ.

ದಾಖಲೆ ಕೊಠಡಿಯ ನೌಕರರು ದೂಳು ಕೊಡವಿ 1975ರ ಪುಸ್ತಕವನ್ನು ತೆಗೆದರು. ಅಂಚು ಗೆದ್ದಲು ತಿಂದಿತ್ತು, ಬರಹ ಚೆನ್ನಾಗಿಯೇ ಇತ್ತು. ನಮ್ಮ ಊರಿನ ಪುಟಗಳನ್ನು ಎರಡು ಬಾರಿ ಬೆರಳಿಟ್ಟು ಓದಿ ಅವರು ತಲೆಯಲ್ಲಾಡಿಸಿದರು. ‘ಇಲ್ಲ ಸಾರ್. ಹೆಂಗಸರ ಹೆಸರು ಬರೆಸಿರೋದೇ ಕಮ್ಮಿ ಈ ಹಳೇ ಬುಕ್ಕುಗಳಲ್ಲಿ’ ಎಂದರು. ಆಮೇಲೆ ‘ಅಲಭ್ಯ ಪ್ರಮಾಣಪತ್ರ’ ಕೊಟ್ಟರು. ಇಂಥ ಮರಣ ನಮ್ಮ ಪುಸ್ತಕದಲ್ಲಿ ಇಲ್ಲ ಎಂದು ಸರ್ಕಾರವೇ ಸಹಿ ಮಾಡಿ ಕೊಡುವ ಪತ್ರ ಅದು. ಆ ‘ಇಲ್ಲ’ವನ್ನು ಹಿಡಿದುಕೊಂಡೇ ನ್ಯಾಯಾಲಯಕ್ಕೆ ಹೋಗಬೇಕು. ಆಗಿನ್ನೂ ಹಳೆಯ ನಿಯಮವಿತ್ತು. ತಾಲ್ಲೂಕಿನ ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟರ ಮುಂದೆ ಅರ್ಜಿ ಹಾಕಿದೆವು. ಹಿತ್ತಾಳೆ ಪಾತ್ರೆಯ ವಿಚಾರ ಹೇಳಿದಾಗ ವಕೀಲರು ನಕ್ಕರು. ನಕ್ಕು, ಅದರ ಛಾಯಾಚಿತ್ರವನ್ನು ಕಡತಕ್ಕೆ ಸೇರಿಸಿದರು. ಎಂಬತ್ತು ದಾಟಿದ ನೆರೆಮನೆಯ ಹಿರಿಯರೊಬ್ಬರು ಕಟಕಟೆಯಲ್ಲಿ ನಿಂತು, ಆ ದಿನ ತಾವೇ ಚಟ್ಟಕ್ಕೆ ಬಿದಿರು ಕಡಿದದ್ದನ್ನು ಹೇಳಿದರು. ಐದಾರು ತಿಂಗಳ ನಂತರ, 2019ರಲ್ಲಿ, ನ್ಯಾಯಾಲಯ ಆದೇಶ ಮಾಡಿತು. ಅಜ್ಜಿಯ ಸಾವು ಅಧಿಕೃತವಾಯಿತು.

ಅಂದಿನಿಂದ ಒಂದು ವಿಚಾರ ನನ್ನನ್ನು ಕಾಡುತ್ತಿದೆ. ಆ ಇಪ್ಪತ್ತು ಗುಂಟೆ ಇಲ್ಲದಿದ್ದರೆ ನಾವು ಅಜ್ಜಿಯ ಮರಣದ ದಾಖಲೆಯನ್ನು ಹುಡುಕುತ್ತಿದ್ದೆವೆ? ಖಂಡಿತ ಇಲ್ಲ. ತಾತನ ಮರಣ ಪತ್ರ ಅಪ್ಪನ ಪೆಟ್ಟಿಗೆಯಲ್ಲಿ ಜೋಪಾನವಾಗಿತ್ತು, ಏಕೆಂದರೆ ತಾತನಿಗೆ ಮನೆಯಿತ್ತು, ತೋಟವಿತ್ತು. ಅಜ್ಜಿಯ ತಂಗಿಯೊಬ್ಬರು ವಿಧವೆಯಾಗಿ ನಮ್ಮ ಮನೆಯಲ್ಲೇ ನಲವತ್ತು ವರ್ಷ ಅಡಿಗೆ ಮಾಡಿಕೊಂಡಿದ್ದು ತೀರಿಕೊಂಡರು. ಅವರ ಹೆಸರಿನಲ್ಲಿ ಒಂದು ಗೇಣು ನೆಲವಿರಲಿಲ್ಲ. ಅವರ ಸಾವು ಯಾವ ಪುಸ್ತಕದಲ್ಲೂ ಇಲ್ಲ. ಇರಬೇಕೆಂದು ಇದುವರೆಗೆ ಯಾರಿಗೂ ಅನ್ನಿಸಿಲ್ಲ.

ಇದು ನಮ್ಮೊಂದು ಮನೆಯ ಕಥೆಯಲ್ಲ. ನೋಂದಣಿ ಇಲಾಖೆಯ ಇತ್ತೀಚಿನ ವಾರ್ಷಿಕ ವರದಿಗಳನ್ನು ನೋಡಿದರೆ, ದೇಶದಲ್ಲಿ ದಾಖಲಾಗುವ ಪ್ರತಿ ನೂರು ಮರಣಗಳಲ್ಲಿ ಸುಮಾರು ಅರವತ್ತು ಗಂಡಸರದು, ನಲವತ್ತು ಹೆಂಗಸರದು. ಗಂಡಸರು ಕಡಿಮೆ ವಯಸ್ಸಿನಲ್ಲಿ ಹೆಚ್ಚು ಸಾಯುತ್ತಾರೆಂಬುದು ನಿಜ. ಆದರೆ ಇಷ್ಟು ದೊಡ್ಡ ಅಂತರಕ್ಕೆ ಅದೊಂದೇ ಕಾರಣವಾಗಲಾರದು. ನಮಗೆ ಮರಣ ಪತ್ರವೆಂದರೆ ಬೀಗದ ಕೈ. ತೆರೆಯಬೇಕಾದ ಪೆಟ್ಟಿಗೆ ಇದ್ದರೆ ಮಾತ್ರ ಅದನ್ನು ಹುಡುಕುತ್ತೇವೆ. ಆಸ್ತಿಯಿಲ್ಲದ ಹೆಂಗಸರು, ಹಸುಗೂಸುಗಳು, ಊರು ಬಿಟ್ಟು ಬಂದ ಕೂಲಿಕಾರರು, ಪಾದಚಾರಿ ಮಾರ್ಗದಲ್ಲಿ ಮಲಗುವವರು ಯಾರ ಬೀಗವನ್ನೂ ತೆರೆಯುವುದಿಲ್ಲ. ಎಷ್ಟು ಹೆಂಗಸರು, ಯಾವ ವಯಸ್ಸಿನಲ್ಲಿ, ಯಾವ ಕಾಯಿಲೆಯಿಂದ ಸಾಯುತ್ತಿದ್ದಾರೆಂದು ತಿಳಿಯದ ನಾಡು ಅವರಿಗಾಗಿ ಎಂಥ ಆಸ್ಪತ್ರೆ ಕಟ್ಟಬಲ್ಲದು? ವೈದ್ಯರು ಕಾರಣ ದೃಢೀಕರಿಸುವ ಮರಣಗಳೇ ನೋಂದಣಿಯಾದ ಐದರಲ್ಲಿ ಒಂದರಷ್ಟು. ಉಳಿದದ್ದು ಊಹೆ.

ಕಾಗದ ಮನುಷ್ಯನಿಗಿಂತ ಬಲಶಾಲಿಯಾದರೆ ಏನಾಗುತ್ತದೆಂಬುದಕ್ಕೆ ಉತ್ತರ ಪ್ರದೇಶದ ಆಜಂಗಢದ ಲಾಲ್ ಬಿಹಾರಿಯವರ ಪ್ರಕರಣ ಪ್ರಸಿದ್ಧವಾಗಿದೆ. ಜಮೀನಿನ ಆಸೆಗೆ ಬಂಧುಗಳು 1970ರ ದಶಕದಲ್ಲಿ ಕಂದಾಯ ದಾಖಲೆಗಳಲ್ಲಿ ಅವರನ್ನು ಸಾಯಿಸಿದರು. ತಾನು ಬದುಕಿದ್ದೇನೆಂದು ಒಪ್ಪಿಸಲು ಅವರಿಗೆ 1994ರವರೆಗೆ ಹೋರಾಡಬೇಕಾಯಿತು. ತಮ್ಮಂಥವರಿಗಾಗಿ ಅವರು ‘ಮೃತಕ ಸಂಘ’ವನ್ನೇ ಕಟ್ಟಿದರು. ಇದಕ್ಕೆ ವಿರುದ್ಧವಾದ ಸಂಕಟ ಕಾಣೆಯಾದವರ ಮನೆಯವರದು. ಏಳು ವರ್ಷ ಸುದ್ದಿಯಿಲ್ಲದವರನ್ನು ಮೃತರೆಂದು ಭಾವಿಸಬಹುದೆಂದು 1872ರ ಸಾಕ್ಷ್ಯ ಅಧಿನಿಯಮ ಹೇಳುತ್ತಿತ್ತು; ಅದರ ಜಾಗಕ್ಕೆ ಬಂದ 2023ರ ಭಾರತೀಯ ಸಾಕ್ಷ್ಯ ಅಧಿನಿಯಮವೂ ಅದನ್ನೇ ಹೇಳುತ್ತದೆ. ಆ ಏಳು ವರ್ಷ ಹೆಂಡತಿ ಸುಮಂಗಲಿಯೂ ಅಲ್ಲ, ವಿಧವಾ ವೇತನಕ್ಕೆ ಅರ್ಹಳೂ ಅಲ್ಲ.

ಹಾಗಾದರೆ ಆಗಬೇಕಾದದ್ದೇನು? ಮೊದಲನೆಯದು ಸರ್ಕಾರದ ಕೆಲಸ. ಜನನ-ಮರಣಗಳ ರಾಷ್ಟ್ರೀಯ ದತ್ತಾಂಶವನ್ನು ಮತದಾರರ ಪಟ್ಟಿ, ಪಡಿತರ ಚೀಟಿ, ಆಸ್ತಿ ನೋಂದಣಿ ಮುಂತಾದವುಗಳ ಅಧಿಕಾರಿಗಳಿಗೆ ಒದಗಿಸಲು 2023ರ ತಿದ್ದುಪಡಿ ಅವಕಾಶ ಕಲ್ಪಿಸಿದೆ. ಕರ್ನಾಟಕದಲ್ಲಿ ‘ಇ-ಜನ್ಮ’ ತಂತ್ರಾಂಶದಲ್ಲಿ ದಾಖಲಾದ ಮರಣಕ್ಕೆ ಡಿಜಿಟಲ್ ಸಹಿಯುಳ್ಳ ಪ್ರಮಾಣಪತ್ರ ಸಿಗುತ್ತದೆ. ಒಂದು ಸರ್ಕಾರಿ ಕಚೇರಿ ನೀಡಿದ ದಾಖಲೆಯನ್ನು ಇನ್ನೊಂದು ಕಚೇರಿ ನೋಂದಣಿ ಸಂಖ್ಯೆಯಿಂದಲೇ ಪರಿಶೀಲಿಸಿಕೊಳ್ಳಬಹುದಾದಾಗ, ಮನೆಯವರು ಹತ್ತು ಪ್ರತಿ ಹೊತ್ತು ಹತ್ತು ಬಾಗಿಲು ತಟ್ಟುವುದು ಏಕೆ? ಒಂದು ಸಾವನ್ನು ಒಮ್ಮೆ ತಿಳಿಸಿದರೆ ಸಾಕು ಎಂಬ ವ್ಯವಸ್ಥೆ ಅಸಾಧ್ಯವಾದದ್ದಲ್ಲ. ಅಲ್ಲಿಯವರೆಗೆ ಬ್ಯಾಂಕುಗಳೂ ಕಚೇರಿಗಳೂ ಮೂಲ ಪ್ರತಿಯನ್ನು ನೋಡಿ ಹಿಂದಿರುಗಿಸುವಷ್ಟು ಸೌಜನ್ಯವನ್ನಾದರೂ ತೋರಬೇಕು. ನೋಂದಾಯಿಸುವ ಮೊದಲು ನಮೂದನ್ನು ಮನೆಯವರಿಗೆ ಒಮ್ಮೆ ಓದಿ ಹೇಳುವ ಪದ್ಧತಿ ಆಸ್ಪತ್ರೆಗಳಲ್ಲಿ ಬಂದರೆ ತಿದ್ದುಪಡಿಯ ಅಲೆದಾಟ ಬಹುಪಾಲು ಕಡಿಮೆಯಾಗುತ್ತದೆ. ಅದಕ್ಕೆ ಹಣವೂ ಬೇಡ, ಯಂತ್ರವೂ ಬೇಡ. ಎರಡು ನಿಮಿಷ ಸಾಕು.

ಎರಡನೆಯದು ನಮ್ಮ ಕೆಲಸ. ಮನೆಯಲ್ಲಿರುವ ಹಿರಿಯರ ಹೆಸರು ಎಲ್ಲ ದಾಖಲೆಗಳಲ್ಲೂ ಒಂದೇ ರೀತಿ ಇದೆಯೇ ಎಂದು ಅವರು ಬದುಕಿರುವಾಗಲೇ ನೋಡಿಡುವುದು ಅಮಂಗಳವಲ್ಲ. ಸಾವಿನ ಮನೆಯಲ್ಲಿ ಹತ್ತನೆಯ ದಿನದ್ದು, ಹದಿಮೂರನೆಯ ದಿನದ್ದು ಎಂದು ಪಟ್ಟಿ ಮಾಡುವಾಗ, ಇಪ್ಪತ್ತೊಂದನೆಯ ದಿನದೊಳಗೆ ನೋಂದಣಿ ಎಂಬ ಒಂದು ಸಾಲನ್ನೂ ಸೇರಿಸಬೇಕು. ಅದನ್ನು ಆಸ್ತಿವಂತರಿಗೆ ಮಾತ್ರವಲ್ಲ, ಮನೆಯಲ್ಲಿ ಅಡಿಗೆ ಮಾಡಿಕೊಂಡಿದ್ದವರಿಗೂ ಮಾಡಿಸಬೇಕು, ಹೆಸರಿಡುವ ಮೊದಲೇ ಹೋದ ಕೂಸಿಗೂ ಮಾಡಿಸಬೇಕು. ಒಬ್ಬರು ಈ ನಾಡಿನಲ್ಲಿ ಬಾಳಿ ಹೋದರೆಂದು ನಾಡು ಬರೆದಿಟ್ಟುಕೊಳ್ಳುವುದು ವಾರಸುದಾರರಿಗೆ ಮಾಡುವ ಉಪಕಾರವಲ್ಲ, ಸತ್ತವರಿಗೆ ಸಲ್ಲಬೇಕಾದ ಕೊನೆಯ ಹಕ್ಕು.

ನ್ಯಾಯಾಲಯದ ಆದೇಶವನ್ನು ಹಿಡಿದು ಮತ್ತೆ ಆ ತಾಲ್ಲೂಕು ಕಚೇರಿಗೆ ಹೋದ ದಿನ, ದಾಖಲೆ ಕೊಠಡಿಯ ಅದೇ ನೌಕರರು ಇದ್ದರು. ಅಜ್ಜಿಯ ಎರಡೂ ಹೆಸರುಗಳನ್ನು ಆದೇಶದಲ್ಲಿದ್ದಂತೆಯೇ ಬರೆದುಕೊಂಡರು. ನನ್ನಿಂದ ಓದಿಸಿ ಸರಿಯೇ ಎಂದು ಕೇಳಿದರು. ಆಮೇಲೆ ‘ಎಷ್ಟು ಕಾಪಿ ಕೊಡಲಿ?’ ಎಂದರು.

‘ಎರಡು’ ಎಂದೆ.

‘ಪೌತಿ ಖಾತೆಗೆ ಒಂದು ಸಾಕು ಸಾರ್. ಇನ್ನೊಂದು ಯಾವ ಆಫೀಸಿಗೆ?’

‘ಯಾವ ಆಫೀಸಿಗೂ ಅಲ್ಲ, ಮನೆಗೆ’ ಎಂದೆ. ಅವರು ಒಂದು ಕ್ಷಣ ನನ್ನನ್ನು ನೋಡಿ, ಎರಡನೆಯದಕ್ಕೂ ಮೊಹರು ಒತ್ತಿ ಕೊಟ್ಟರು.